ನನ್ನ ಅಂಗೈಗೊಂದು ಮೌಸ್

ತೀರ್ಮಾನ ತೆಗೆದುಕೊಳ್ಳಲು ಹಿಂದೇಟು ಹಾಕುವವರ ಪೈಕಿ ನಾನಲ್ಲ. ಗಂಡನನ್ನು ಒಪ್ಪಿಕೊಂಡದ್ದು ಅವರು ಒಂದು ತಟ್ಟೆ ಉಪ್ಪಿಟ್ಟು ಮುಗಿಸುವಷ್ಟರಲ್ಲಿ; ಅವರು ನಿಧಾನವಾಗಿ ತಿನ್ನುವವರೂ ಅಲ್ಲ. ಬಸವೇಶ್ವರನಗರದ ಈ ಮೊದಲ ಮಹಡಿಯ ಬಾಡಿಗೆ ಮನೆಯನ್ನು ಅಡುಗೆಮನೆಯ ಕಿಟಕಿಯೊಂದನ್ನೇ ನೋಡಿ ‘ಆಯ್ತು’ ಅಂದೆ. ರೇಷ್ಮೆ ಸೀರೆಗೂ ನನಗೆ ಕಾಲು ಗಂಟೆ ಸಾಕು, ಅದರಲ್ಲಿ ಅರ್ಧ ಸಮಯ ಅಂಗಡಿಯವರು ಇಷ್ಟನ್ನೂ ಮತ್ತೆ ಮಡಿಸಬೇಕಲ್ಲ ಎಂಬ ಕನಿಕರಕ್ಕೇ ಹೋಗುತ್ತದೆ. ಇಂಥ ನಾನು, ಅಂಗೈಯಡಿ ಅಡಗಿ ಕೂರುವ ಒಂದು ಕಂಪ್ಯೂಟರ್ ಮೌಸ್ ಆರಿಸಲು ಮೂರು ವಾರ ತೆಗೆದುಕೊಂಡೆ, ಅಷ್ಟರಲ್ಲಿ ಒಂದು ಮದುವೆಮನೆಯ ನೆಮ್ಮದಿಯನ್ನೂ ಕೆಡಿಸಿದೆ ಎಂದರೆ ಪರಿಚಯದವರು ನಂಬುವುದಿಲ್ಲ. ನಂಬುವಂತೆ ಪೂರ್ತಿ ಕತೆಯನ್ನು ಯಾರಿಗೂ ಹೇಳಿಯೂ ಇಲ್ಲ.

ನಾನು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣದ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುತ್ತೇನೆ. ಅದಕ್ಕೂ ಮೊದಲು ಬಹಳ ವರ್ಷ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಹಾಗಾಗಿ ಅಕ್ಷರದ ವಿಷಯದಲ್ಲಿ ನನಗೆ ಜಂಬ ಸ್ವಲ್ಪ ಹೆಚ್ಚು. ಹೋಟೆಲಿಗೆ ಹೋದರೆ ತಿಂಡಿಗಿಂತ ಮೊದಲು ಬೋರ್ಡಿನಲ್ಲಿರುವ ತಪ್ಪು ಕಣ್ಣಿಗೆ ಬೀಳುತ್ತದೆ. ‘ಮಾಸಾಲೆ ದೋಸೆ’ ಎಂದು ಬರೆದಿದ್ದರು ಅನ್ನುವ ಒಂದೇ ಕಾರಣಕ್ಕೆ ವಿಜಯನಗರದ ಒಂದು ಹೋಟೆಲಿನಲ್ಲಿ ಇಡ್ಲಿ ತಿಂದು ಎದ್ದು ಬಂದವಳು ನಾನು. “ಅವ್ರು ಇಡ್ಲೀನ ‘ಇಡ್ಡಲಿ’ ಅಂತ ಬರ್ದಿದ್ರೆ ಉಪವಾಸ ಬರ್ತಿದ್ದೆ ಅಲ್ವಾ?” ಎಂದು ನಮ್ಮವರು ಕೇಳಿದ್ದರು. ಬರುತ್ತಿದ್ದೆ.

ನನ್ನ ಹಳೆಯ ಮೌಸಿಗೆ ವಯಸ್ಸಾಗಿತ್ತು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದೆ ಎಂದು ತಿಳಿಯುತ್ತಿತ್ತು. ಒಂದು ಪದವನ್ನು ಹಿಡಿದು ಎಳೆದುಕೊಂಡು ಹೋಗುತ್ತಿದ್ದರೆ ಅರ್ಧ ದಾರಿಯಲ್ಲೇ ಕೈಬಿಡುತ್ತಿತ್ತು. ಒಮ್ಮೆ ವರನ ಹೆಸರು ಹೋಗಿ ಊಟದ ಸಮಯದ ಪಕ್ಕದಲ್ಲಿ ಕೂತಿತ್ತು. ಹೊಸದು ತರೋಣ ಎಂದೆ. ನಮ್ಮವರು ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯ ನೋಡಿಕೊಂಡು ನಿವೃತ್ತರಾದವರು. ಅವರಿಗೆ ಯಾವುದನ್ನೂ ಸುಮ್ಮನೆ ಎಸೆಯುವಂತಿಲ್ಲ, ಸುಮ್ಮನೆ ಕೊಳ್ಳುವಂತೆಯೂ ಇಲ್ಲ. “ಮೊದಲು ಬಿಚ್ಚಿ ನೋಡ್ತೀನಿ ಇರು” ಎಂದು ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಸ್ಕ್ರೂಡ್ರೈವರ್ ಹಿಡಿದು ಕೂತರು. ಎರಡು ದಿನ ಮೌಸು ಹೊಟ್ಟೆ ತೆರೆದುಕೊಂಡು ಉಪ್ಪಿನಕಾಯಿ ಭರಣಿಯ ಪಕ್ಕ ಮಲಗಿತ್ತು. ಆ ಎರಡು ದಿನ ನಾನು ಬರೀ ಕೀಬೋರ್ಡಿನಲ್ಲೇ ಕಾರ್ಡುಗಳಿಗೆ ಬಂದ ಮ್ಯಾಟರುಗಳನ್ನೆಲ್ಲ ಟೈಪ್ ಮಾಡಿಟ್ಟೆ. ಮೂರನೇ ದಿನ ಅದನ್ನು ಮುಚ್ಚಿ ಕೊಟ್ಟು, “ಸ್ವಿಚ್ ಸವೆದಿದೆ ಕಣೇ” ಎಂದು ತೀರ್ಪು ಹೇಳಿದರು. ಅದು ನನಗೆ ಮೊದಲೇ ಗೊತ್ತಿತ್ತು.

ಅಲ್ಲಿಂದ ಅವರ ಸಂಶೋಧನೆ ಶುರುವಾಯಿತು. ಫೋನಿನಲ್ಲಿ ಮೌಸುಗಳ ಬಗ್ಗೆ ಜನ ಬರೆದ ಅಭಿಪ್ರಾಯಗಳನ್ನು ಓದುವುದು. ಅದರಲ್ಲೂ ಒಂದೇ ನಕ್ಷತ್ರ ಕೊಟ್ಟವರದ್ದು ಮಾತ್ರ. ಐದು ನಕ್ಷತ್ರ ಕೊಡುವವರು ಮುಲಾಜಿನವರು, ಸತ್ಯ ಹೇಳುವವರು ಒಂದು ಕೊಟ್ಟವರೇ ಎಂಬುದು ಅವರ ನಂಬಿಕೆ. ಹೀಗೆ ಓದಿದರೆ ಜಗತ್ತಿನಲ್ಲಿ ಕೊಳ್ಳಬಹುದಾದ ಮೌಸು ಒಂದೂ ಉಳಿಯುವುದಿಲ್ಲ. “ಇದು ಮೂರೇ ತಿಂಗಳಿಗೆ ಕೆಟ್ಟೋಯ್ತಂತೆ. ಇದರ ಚಕ್ರ ಕಿರುಗುಟ್ಟತ್ತಂತೆ. ಇದನ್ನ ಒಬ್ರ ನಾಯಿ ಕಚ್ಚಿಹಾಕಿದೆ ನೋಡು.” ನಾಯಿ ಕಚ್ಚಿದರೆ ಅದು ಮೌಸಿನ ತಪ್ಪೇ ಎಂದು ಕೇಳಿದೆ. “ಕಚ್ಚೋ ಹಾಗೆ ಯಾಕೆ ಮಾಡಬೇಕಿತ್ತು?” ಎಂದರು.

ಕೊನೆಗೆ ಅವರು ತರಿಸಿದ್ದು ಮಣಿಕಟ್ಟಿಗೆ ಒಳ್ಳೆಯದಂತೆ ಎಂಬ ಹೆಗ್ಗಳಿಕೆಯ, ನೆಟ್ಟಗೆ ನಿಲ್ಲುವ ಮೌಸನ್ನು. ಅದನ್ನು ಹಿಡಿಯುವುದೆಂದರೆ ಯಾರೋ ಅಪರಿಚಿತರ ಕೈ ಕುಲುಕಿದ ಹಾಗೆ. ಒಂದು ಕಾರ್ಡು ಮುಗಿಸುವಷ್ಟರಲ್ಲಿ ಊರವರೆಲ್ಲರ ಕೈ ಕುಲುಕಿದ ರಾಜಕಾರಣಿಯಷ್ಟು ದಣಿದೆ. ಅದು ವಾಪಸ್ ಹೋಯಿತು. ಮುಂದೆ ಬಂದದ್ದು ಸದ್ದಿಲ್ಲದ ಮೌಸು. ಒತ್ತಿದರೆ ‘ಟಿಕ್’ ಎನ್ನುವುದಿಲ್ಲ. ನನಗೋ ಹೂಂಗುಟ್ಟದವರ ಜೊತೆ ಮಾತಾಡಿ ಅಭ್ಯಾಸವಿಲ್ಲ. ಕೇಳಿಸಿತೋ ಇಲ್ಲವೋ ಎಂದು ನಾಲ್ಕು ಸಲ ಒತ್ತಿ, ಒಂದೇ ಕಾರ್ಡಿನಲ್ಲಿ ನಾಲ್ಕು ಗಣಪತಿ ಮೂಡಿಸಿದೆ. ಅದೂ ವಾಪಸ್. ಮೌಸನ್ನು ಇಲಿ ಎಂದು ಕರೆದು ತಮಾಷೆ ಮಾಡುವ ಹಂತ ನಮ್ಮ ಮನೆಯಲ್ಲಿ ಎಂದೋ ದಾಟಿತ್ತು. ಈಗ ಅದರ ಹೆಸರೆತ್ತಿದರೆ ಇಬ್ಬರೂ ಸಿಡುಕುವ ಹಂತ.

ಈ ಗದ್ದಲದ ನಡುವೆ ಕೆಳಗಿನ ಮನೆಯ ಚನ್ನಬಸಮ್ಮ ಆಂಟಿಯ ಮಗಳ ಮದುವೆಯ ಕಾರ್ಡು ಮುಗಿಸಿದ್ದೆ. ಆಂಟಿ ನಮ್ಮ ಮನೆ ಓನರ್ರು. ಹರಪನಹಳ್ಳಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ ದೊಡ್ಡ ಕುಟುಂಬ. ಮೊದಲ ಕಾರ್ಡನ್ನು ಹಿರಿಯರಿಗೇ ಕೊಡಬೇಕೆಂದು ಅರಿಸಿನ ಕುಂಕುಮ ಹಚ್ಚಿ, ಆಂಟಿಯ ಹಿರಿಯ ಭಾವ ಕೊಟ್ರಪ್ಪನವರ ಕೈಗೆ ಕೊಟ್ಟರಂತೆ. ಅವರು ಕನ್ನಡಕ ಹಾಕಿಕೊಂಡು ‘ತಮ್ಮ ಸುಖಾಗಮನ ಬಯಸುವವರು’ ಎಂಬ ಪಟ್ಟಿಯ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳಾಡಿಸಿದರಂತೆ. ಹೆಸರಿಲ್ಲ. ಇಂಥ ಪಟ್ಟಿಗಳಿಂದ ಹಿರಿಯರ ಹೆಸರು ಯಾವಾಗ ಬಿಟ್ಟುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. “ನಾನಿನ್ನೂ ಅದೀನಲ್ಲ ಚನ್ನಬಸವ್ವ” ಎಂದಷ್ಟೇ ಹೇಳಿ, ಕಾರ್ಡನ್ನು ಮಡಿಸಿ, ಅವರ ಕೈಗೇ ವಾಪಸ್ ಇಟ್ಟರಂತೆ. ಮದುವೆಗೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಆಂಟಿ ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ಕೂತು ಅತ್ತರು. “ಲಲಿತಾ, ಅವ್ರೇ ಕಣಮ್ಮ ನಮ್ಮನ್ನೆಲ್ಲ ಓದ್ಸಿದ್ದು. ಈಗ ಏನಂತ ಮುಖ ತೋರಿಸ್ಲಿ?” ನಾನು ಏನೂ ಯೋಚಿಸದೆ ಮೇಜಿನ ಮೇಲಿನ ಹಳೆಯ ಮೌಸನ್ನು ಎತ್ತಿ ತೋರಿಸಿದೆ. “ಇದೇ ಆಂಟಿ, ಇದೇ. ಒಂದ್ಸಲ ಒತ್ತಿದ್ರೆ ಎರಡ್ಸಲ ಒತ್ತತ್ತೆ. ಭಾವನವರ ಹೆಸರಿನ ಸಾಲನ್ನೇ ನುಂಗಿಬಿಟ್ಟಿದೆ.” ಆಂಟಿ ಕಣ್ಣೊರೆಸಿಕೊಂಡು ಅದನ್ನು ಕೊಲೆಗಡುಕನನ್ನು ನೋಡುವಂತೆ ನೋಡಿದರು. ಎಲ್ಲ ಕಾರ್ಡುಗಳನ್ನೂ ಹೊಸದಾಗಿ ಮಾಡಿಕೊಡುತ್ತೇನೆ, ಈ ಮೌಸನ್ನು ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ ಒಂದೂ ಅಭಿಪ್ರಾಯ ಓದಲು ಬಿಡದೆ ನಮ್ಮವರನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ರಾಜಾಜಿನಗರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಕೆಂಪು, ನೀಲಿ, ಹಸಿರು ಬೆಳಕು ಮಿನುಗಿಸುವ ಮೌಸುಗಳು ಗಣೇಶನ ಪೆಂಡಾಲಿನ ಹಾಗೆ ಸಾಲಾಗಿದ್ದವು. ಅಂಗಡಿಯ ಯಜಮಾನರು ಹಿರಿಯರು, ಅವಸರವಿಲ್ಲದವರು. “ಯಾವ್ದು ಒಳ್ಳೇದು ಸಾರ್?” ಎಂದೆ. “ಅದು ಆಮೇಲೆ. ಕೈ ತೋರ್ಸಿ ಮೇಡಂ” ಎಂದರು. ಕೈ ನೋಡಿ ಭವಿಷ್ಯ ಹೇಳುವವರ ಮುಂದೆ ಚಾಚಿದಂತೆ ಅಂಗೈ ಚಾಚಿದೆ. “ಸಣ್ಣ ಕೈ. ಇವೆಲ್ಲ ನಿಮ್ಗೆ ದೊಡ್ಡವು, ಬೆರಳು ತುದೀಗೆ ಮುಟ್ಟೋಕೇ ಒದ್ದಾಡ್ತೀರ. ದಿನಾ ಎಷ್ಟ್ ಹೊತ್ತು ಕೂರ್ತೀರ?” ಹೇಳಿದೆ. ಒಳಗಿನಿಂದ ಒಂದು ಸಾದಾ ಕಪ್ಪು ಮೌಸು ತಂದರು, ವೈರ್ ಇರುವಂಥದ್ದು. “ಕಣ್ಮುಚ್ಚಿ ಹಿಡೀರಿ. ಕೈಯಲ್ಲಿ ಏನೋ ಇದೆ ಅಂತ ನೆನಪಾದ್ರೆ ಬೇಡ.” ಕಣ್ಣು ಮುಚ್ಚಿದೆ. ಒತ್ತಿದೆ. ಟಿಕ್ ಎಂದಿತು. ಒಂದೇ ಸಲ. ಅಂಗೈ ತನ್ನ ಪಾಡಿಗೆ ತಾನು ಸಡಿಲವಾಯಿತು.

“ಇದರ ಬಗ್ಗೆ ಜನ ಏನಂತಾರೆ?” ಎಂದು ನಮ್ಮವರು ಹಿಂದಿನಿಂದ ಕೇಳಿದರು.

“ಏನೂ ಅನ್ನಲ್ಲ ಸಾರ್. ಇದನ್ನ ಯಾರೂ ಕೇಳ್ಕೊಂಡ್ ಬರಲ್ಲ. ತಗೊಂಡ್ ಹೋದವ್ರು ವಾಪಸ್ಸೂ ತರಲ್ಲ.”

ಮನೆಗೆ ಬಂದು ಮೌಸು ಸಿಕ್ಕಿಸಿ ಕೂತೆ. ಕೊಟ್ರಪ್ಪನವರ ಹೆಸರು ಎಷ್ಟನೇ ಸಾಲಿನಿಂದ ಹಾರಿಹೋಯಿತು ಎಂದು ನೋಡಲು ಫೈಲಿನಿಂದ ಆಂಟಿ ಕೈಯಾರೆ ಬರೆದುಕೊಟ್ಟ ಹಾಳೆಯನ್ನೂ ನಾನು ಮೊದಲು ಟೈಪ್ ಮಾಡಿ ಪ್ರಿಂಟ್ ತೆಗೆದಿಟ್ಟ ಕರಡನ್ನೂ ಹೊರತೆಗೆದೆ. ಆಂಟಿಯ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ‘ಕೊಟ್ರಪ್ಪ’, ಅದರ ಕೆಳಗೆ ಅವರ ತಮ್ಮ ‘ಕೊಟ್ರಬಸಪ್ಪ’. ನನ್ನ ಕರಡಿನಲ್ಲಿ ಕೊಟ್ರಬಸಪ್ಪ ಮಾತ್ರ. ಒಂದೇ ಥರದ ಎರಡು ಹೆಸರು ಒಂದರ ಕೆಳಗೊಂದು ಬಂದರೆ ಕಣ್ಣು ಜಾರುತ್ತದೆ, ಎಚ್ಚರವಿರಲಿ ಎಂದು ಮುದ್ರಣಾಲಯದಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನೇ. ಕರಡಿನ ಮೂಲೆಯಲ್ಲಿ ನನ್ನದೇ ಅಕ್ಷರದಲ್ಲಿ ತಾರೀಖಿತ್ತು. ಆ ದಿನ ಮೌಸು ಕಂಪ್ಯೂಟರಿನ ಹತ್ತಿರವೇ ಇರಲಿಲ್ಲ. ಉಪ್ಪಿನಕಾಯಿ ಭರಣಿಯ ಪಕ್ಕ ಹೊಟ್ಟೆ ತೆರೆದು ಮಲಗಿತ್ತು. ಅದಕ್ಕೆ ನಮ್ಮವರೇ ಸಾಕ್ಷಿ.

ಅವರಿಗೆ ತೋರಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, “ಹೋಗಿ ಹೇಳ್ಬಿಡು” ಎಂದರು. ಧೈರ್ಯ ಮಾಡಿ ಮೆಟ್ಟಿಲಿಳಿದೆ. ಆಂಟಿ ಬಾಗಿಲಲ್ಲೇ ನಿಂತು ಫೋನಿನಲ್ಲಿ ಭಾವನವರಿಗೆ ಹೇಳುತ್ತಿದ್ದರು: “ಲಲಿತಾ ಪಾಪ ಸರಿಯಾಗೇ ಬರ್ದಿದ್ಲು ಭಾವ. ಆ ಹಾಳು ಮೌಸು, ಯಾರ ಹೆಸರು ದೊಡ್ಡದೋ ಅದನ್ನೇ ಹುಡುಕಿ ತಿಂದೈತಿ!” ಆ ಕಡೆಯಿಂದ ಒಂದು ದೊಡ್ಡ ನಗು ಕೇಳಿಸಿತು. ಎರಡು ದಿನಗಳ ಬಿಗುವೆಲ್ಲ ಕರಗಿಹೋಗುವಂಥ ನಗು. ಆಂಟಿಯ ಕಣ್ಣಲ್ಲಿ ನೀರು, ಮುಖದ ತುಂಬ ನಗು. ನಾನು ಎರಡು ಮೆಟ್ಟಿಲು ಉಳಿದಿರುವಾಗಲೇ ಹಿಂದಿರುಗಿ, ಮೇಲೆ ಬಂದು, ಹಳೆಯ ಮೌಸನ್ನು ಒಂದು ಕವರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಹೊಸ ಕಾರ್ಡಿನಲ್ಲಿ ಕೊಟ್ರಪ್ಪನವರ ಹೆಸರನ್ನು ಉಳಿದವರಿಗಿಂತ ಒಂದು ಸುತ್ತು ದಪ್ಪ ಅಕ್ಷರದಲ್ಲಿ ಕೂರಿಸಿದೆ.

ಮದುವೆ ಕೆಂಗೇರಿ ಕಡೆಯ ಒಂದು ಕಲ್ಯಾಣಮಂಟಪದಲ್ಲಿ ಚೆನ್ನಾಗಿಯೇ ಆಯಿತು. ಊಟದ ಪಂಕ್ತಿಯಲ್ಲಿ ನಮ್ಮ ಎದುರಿಗೇ ಬಿಳಿ ಪಂಚೆ, ರುಮಾಲಿನ ಕೊಟ್ರಪ್ಪನವರು. ನಾನು ಯಾರೆಂದು ಆಂಟಿ ತೋರಿಸಿದ್ದರು. “ನೀನೇನವಾ ಆ ಕಾರ್ಡಿನಾಕಿ? ಭಾಳ ಚಂದ ಮಾಡೀಯವಾ. ಈಗಿನ ಮೌಸು ಹೆಂಗೈತಿ?” ಎಂದರು.

“ಚೆನ್ನಾಗಿದೆ ಅಜ್ಜಾರೆ. ತಪ್ಪೇ ಮಾಡಲ್ಲ.”

“ಮತ್ತ ಹಳೇದನ್ನ ಏನ್ ಮಾಡ್ದಿ?”

“ಎಸೆದುಬಿಟ್ಟೆ.”

“ಛಲೋ ಮಾಡ್ದಿ ನೋಡು. ಅಷ್ಟು ದೊಡ್ಡ ತಪ್ಪು ಮಾಡಿದ್ದನ್ನ ಮನ್ಯಾಗ ಇಟ್ಕೋಬಾರ್ದು” ಎಂದರು ಅಜ್ಜ, ಬಹಳ ಗಂಭೀರವಾಗಿ.

ಪಕ್ಕದ ಎಲೆಯಲ್ಲಿ ನಮ್ಮವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, ನನ್ನ ಕಡೆಗೆ ತಿರುಗಿ ಸಾವಕಾಶವಾಗಿ ನೋಡಿದರು. ನಾನು ತಲೆ ಎತ್ತದೆ, ಬಡಿಸುವವರನ್ನು ಕರೆದು, ಅವರ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿದೆ.