ಬೈಸಿಕೊಳ್ಳುವ ಹೊತ್ತು

ನಮ್ಮ ದೊಡ್ಡಪ್ಪ ಸಂಬಳ ಕೊಟ್ಟು ಬೈಸಿಕೊಳ್ಳುತ್ತಿದ್ದರು ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಬಿಡಿ, ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೂ ಅದನ್ನು ನಂಬುವ ಇಷ್ಟವಿರಲಿಲ್ಲ. ಲೋಕದಲ್ಲಿ ಧಣಿಗಳು ಆಳುಗಳನ್ನು ಬೈಯುತ್ತಾರೆ. ಐವತ್ತರ ದಶಕದಲ್ಲಿ ಹೊಳೆನರಸೀಪುರದ ನಮ್ಮ ಅಕ್ಕಿ ಮಿಲ್ಲಿನಲ್ಲಿ ಮಾತ್ರ ಆಳುಗಳು ಧಣಿಯನ್ನು ಬೈಯುತ್ತಿದ್ದರು. ಕದ್ದುಮುಚ್ಚಿಯಲ್ಲ, ದಿನಾ ಮಧ್ಯಾಹ್ನ, ಎದುರಿಗೆ ನಿಂತು! ಧಣಿ ಖಾಲಿ ಗೋಣಿಚೀಲ ಹಾಸಿಕೊಂಡು, ಹರಿಕಥೆ ಕೇಳುವವರ ಹಾಗೆ ಕೂತು ತಲೆದೂಗುತ್ತಿದ್ದರು.

ಇದು ಶುರುವಾದದ್ದು ಇಂಜಿನ್ ಡ್ರೈವರ್ ರಂಗಣ್ಣನ ಹೆಂಡತಿಯಿಂದ. ಆಕೆ ಒಂದು ಬೆಳಿಗ್ಗೆ ಊದಿದ ಕೆನ್ನೆ ಹೊತ್ತು ಬಂದು, "ಗೌಡ್ರೇ, ನೀವಿಲ್ಲಿ ಇವ್ರಿಗೆ ಗದರ್ಸ್ತೀರಿ. ಇವ್ರು ಅದ್ನ ಒಳಗೇ ಮಡಿಕ್ಕಂಡು ಬಂದು ನನ್ ಮ್ಯಾಲೆ ತೀರಿಸ್ಕತಾರೆ. ಇಲ್ಲೇ ತೀರಿಸ್ಕಂಡು ಬರೋ ಅಂಗೆ ಮಾಡಿ" ಎಂದಳು. ಬೇರೆ ಯಾರಾದರೂ ಆಗಿದ್ದರೆ ರಂಗಣ್ಣನನ್ನು ಕರೆದು ಬುದ್ಧಿ ಹೇಳುತ್ತಿದ್ದರು. ನಮ್ಮ ದೊಡ್ಡಪ್ಪ ಇಂಜಿನ್ನಿನ ಹೊಗೆಕೊಳವೆಯನ್ನೇ ನೋಡುತ್ತಾ ನಿಂತರಂತೆ. ಅದನ್ನು ಮುಚ್ಚಿದರೆ ಇಂಜಿನ್ನಿನ ಗತಿ ಏನು? ಮನುಷ್ಯನಿಗೂ ಒಂದು ಕೊಳವೆ ಬೇಡವೇ? ಮಾರನೆಯ ದಿನದಿಂದಲೇ ಬೈಯುವ ಹೊತ್ತು ಜಾರಿಗೆ ಬಂತು.

ಅದಕ್ಕೆ ಕಟ್ಟಳೆಗಳೂ ಇದ್ದವು. ಮನೆಯ ಹೆಂಗಸರ ಹೆಸರು ಎತ್ತಬಾರದು, ಕೈ ಎತ್ತಬಾರದು, ದೊಡ್ಡಪ್ಪ ತಿರುಗಿ ಒಂದು ಮಾತೂ ಆಡಬಾರದು. ಮೊದಲ ದಿನ ರಂಗಣ್ಣ ಕೈ ಹೊಸೆಯುತ್ತಾ, ತಾವು ಸ್ವಲ್ಪ ಜಾಸ್ತಿ ರೇಗುತ್ತೀರಿ ಬುದ್ಧಿ ಎಂದಷ್ಟೇ ಹೇಳಿ ಬೆವರಿದನಂತೆ. ತಿಂಗಳು ಕಳೆಯುವಷ್ಟರಲ್ಲಿ ತಾವು ನೀವಾಗಿ, ನೀವು ನೀನಾಗಿ, ದೊಡ್ಡಪ್ಪನ ಬೋಳುತಲೆ, ಜಿಪುಣತನ, ಕಾಲೆಳೆಯುವ ನಡಿಗೆ ಎಲ್ಲವೂ ಬೀದಿಗೆ ಬಿತ್ತು. ಹೊತ್ತು ಮುಗಿದ ಕೂಡಲೇ ಅದೇ ರಂಗಣ್ಣ ಕೈಕಟ್ಟಿ ನಿಂತು, "ಬೆಲ್ಟು ಆಕ್ಲಾ ಬುದ್ಧಿ?" ಎನ್ನುತ್ತಿದ್ದ. ಇದಕ್ಕೇನು ಹೇಳುತ್ತೀರಿ!

ನಮ್ಮ ಮಾನದ ಪಾಡು ಕೇಳಬೇಡಿ. ಬೆಳಗಿನಿಂದ ಧಡಧಡ ಎನ್ನುತ್ತಿದ್ದ ಮಿಲ್ಲು ನಿಂತರೆ ಇಡೀ ಬೀದಿಯೇ ತೆಪ್ಪಗಾಗುತ್ತಿತ್ತು. ಆ ನಿಶ್ಶಬ್ದದಲ್ಲಿ ಒಂದೊಂದು ಬೈಗುಳವೂ ಹೊಳೆಯ ಸೋಪಾನದವರೆಗೆ ಕೇಳುತ್ತಿತ್ತು. ಮಿಲ್ಲಿನ ಹಿಂದೆಯೇ ನಮ್ಮ ಮನೆ. ಗಂಡನಿಗೆ ಬೀಳುವ ಬೈಗುಳ ಬೀದಿಗೆ ಕೇಳದಿರಲೆಂದು ದೊಡ್ಡಮ್ಮ ಸರಿಯಾಗಿ ಆ ಹೊತ್ತಿಗೇ ಒನಕೆ ಹಿಡಿದು ಖಾರದ ಪುಡಿ ಕುಟ್ಟಲು ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲಿದ್ದಷ್ಟು ಖಾರದ ಪುಡಿ ಹಾಸನದ ಸಂತೆಯಲ್ಲೂ ಇರಲಿಲ್ಲ! ಕಟ್ಟಾಯದ ನೆಂಟರ ಮದುವೆಯಲ್ಲಿ ಪಂಕ್ತಿಗೆ ಕೂತರೆ, ಗೌಡರಿಗೆ ಬೇಗ ಬಡಿಸಿ, ಇವತ್ತು ಬೈಗುಳ ಸಿಕ್ಕದೆ ಹಸಿದಿದ್ದಾರೆ ಎಂದು ಯಾರೋ ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು, ದೊಡ್ಡಪ್ಪನೂ ನಕ್ಕರು. ನಾನು ಎಲೆಯ ಮೇಲೆ ಬಗ್ಗಿಸಿದ ತಲೆ ಎತ್ತಲಿಲ್ಲ.

ಭತ್ತ ತಂದ ರೈತರೊಬ್ಬರು ಈ ಸಂಭ್ರಮ ನೋಡಿ, ತಾವೂ ಎರಡು ಮಾತು ಬೈಯಬಹುದೇ ಎಂದು ಆಸೆಯಿಂದ ಕೇಳಿದರು. ದೊಡ್ಡಪ್ಪ ಗಂಭೀರವಾಗಿ, "ನೀವು ಗಿರಾಕಿ. ಆ ಭಾಗ್ಯ ಬೇಕು ಅಂದ್ರೆ ಬಂದು ಮೂಟೆ ಹೊರಿ" ಎಂದುಬಿಟ್ಟರು.

ಡಾಕ್ಟರು ನಾಡಿ ನೋಡಿದರೆ ನಮ್ಮ ದೊಡ್ಡಪ್ಪ ಬೈಗುಳ ನೋಡುತ್ತಿದ್ದರು. ಒಂದು ದಿನ ರಂಗಣ್ಣ ಬೈದದ್ದರಲ್ಲಿ ಉಪ್ಪು ಖಾರ ಇಲ್ಲವೆಂದು ಅವನ ಕಣ್ಣು ಎಳೆದು ನೋಡಿದರೆ, ಅರಿಸಿನ ಬಳಿದಂತೆ ಹಳದಿ! ಕಾಮಾಲೆ. ಸಂಬಳದ ಜೊತೆ ರಜೆ ಕೊಟ್ಟು ಮನೆಗೆ ಕಳಿಸಿದರು.

ಆದರೆ ಮೂಟೆ ಹೊರುವ ಕೆಂಚಣ್ಣನ ಬಾಯಿ ಮಾತ್ರ ಕಟ್ಟಿಹೋಗಿತ್ತು. ಆ ಮಳೆಗಾಲದಲ್ಲಿ ಅವನ ಪುಟ್ಟ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಮೂರನೆಯ ದಿನಕ್ಕೇ ಕೆಲಸಕ್ಕೆ ಬಂದವನು ಆಮೇಲೆ ಯಾರೊಂದಿಗೂ ಮಾತಾಡಲಿಲ್ಲ. ಎಲ್ಲರಿಗಿಂತ ಹೆಚ್ಚು ಮೂಟೆ ಹೊರುವನು, ಬುತ್ತಿಯ ಮುದ್ದೆಯನ್ನು ನಾಯಿಗೆ ಹಾಕುವನು. ರಾತ್ರಿ ಕಣ್ಣು ಮುಚ್ಚುವುದೇ ಇಲ್ಲ, ಎದ್ದು ಹೋಗಿ ಹೊಳೆಯ ಮಡುವಿನ ದಡದಲ್ಲಿ ನಿಲ್ಲುತ್ತಾನೆ ಎಂದು ಅವನ ಹೆಂಡತಿ ಬಂದು ಅತ್ತಳು. ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಎಂದರು ಊರವರು. ಏನಾದರೂ ಮಾಡಿಕೊಂಡರೆ ಮಿಲ್ಲಿನ ಹೆಸರು ಕೆಡುತ್ತದೆ, ಕೆಲಸ ಬಿಡಿಸಿಬಿಡು ಎಂದರು ನಮ್ಮಪ್ಪ. ದೊಡ್ಡಪ್ಪ, "ಅವ್ನು ನನ್ನ ಒಂದ್ಸಲ ಬಾಯ್ತುಂಬ ಬೈದ್ರೆ ಉಳ್ಕತಾನೆ ಕಣಪ್ಪ" ಎಂದರು. ಅದೇಕೆ ಇವರನ್ನೇ ಬೈಯಬೇಕು ಎಂದು ನಾವು ಯಾರೂ ಕೇಳಲಿಲ್ಲ.

ಕೆಂಚಣ್ಣನಿಂದ ಬೈಸಿಕೊಳ್ಳಲು ಈ ಮನುಷ್ಯ ಪಟ್ಟ ಪಾಡು ಒಂದೆರಡಲ್ಲ! ಅವನ ತಲೆವಸ್ತ್ರ ಬಚ್ಚಿಟ್ಟರು. ಅವನು ಗೋಣಿಯನ್ನೇ ತಲೆಗೆ ಹಾಕಿಕೊಂಡು ಮೂಟೆ ಹೊತ್ತ. ಎಲ್ಲರೆದುರು ಸೋಮಾರಿ ಎಂದು ಜರೆದರು. ಅವನು ಇನ್ನೊಂದು ಮೂಟೆ ಹೊತ್ತ. ಸಂಜೆಯಾದರೆ ಅವನ ಹಿಂದೆಯೇ ಹೊಳೆ ದಾಟಿ ಹಳ್ಳಿಯವರೆಗೆ ಹೋಗಿ, ಅವನು ಮನೆಯೊಳಗೆ ಹೋದದ್ದನ್ನು ನೋಡಿ ಬರುತ್ತಿದ್ದರು. ಆಳನ್ನು ಧಣಿ ಮನೆ ಮುಟ್ಟಿಸುವುದೇ! ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಅರಕಲಗೂಡಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು, ಅದೂ ಸರಿಯಾಗಿ ಮಧ್ಯಾಹ್ನ. ಆ ಒಂದು ದಿನವಾದರೂ ಬೈಗುಳ ಬೇಡವೆಂದು ದೊಡ್ಡಪ್ಪನ ಮುಂದೆ ಅತ್ತೆ. ಅವರು ಯೋಚಿಸಿ, ಬೈಯುವವರು ಬೈಯಲಿ, ಅವತ್ತು ಇಂಜಿನ್ನು ನಿಲ್ಲಿಸದಿದ್ದರಾಯಿತು, ಯಾರಿಗೆ ಕೇಳುತ್ತದೆ ಎಂದರು. ಅವರ ತಲೆ ಓಡುತ್ತಿದ್ದುದೇ ಹಾಗೆ.

ಬಂದವರು ನಡುಮನೆಯಲ್ಲಿ ಕೂತರು, ದೊಡ್ಡಪ್ಪ ಎಂದಿನಂತೆ ಮಿಲ್ಲಿನಲ್ಲಿ ಗೋಣಿಚೀಲದ ಮೇಲೆ ಕೂತರು. ಗಂಡಿನ ತಂದೆ ದೊಡ್ಡ ಮೀಸೆಯವರು, ದೊಡ್ಡ ಗಂಟಲಿನವರು. ಆದರೂ ಇಂಜಿನ್ನಿನ ಸದ್ದಿಗೆ ಅವರು ನನ್ನ ಹೆಸರು ಕೇಳಿದ್ದು ನನಗೆ ಕೇಳದು, ನಾನು ಹೇಳಿದ್ದು ಅವರಿಗೆ ಕೇಳದು. ಎಲ್ಲರೂ ಸುಮ್ಮನೆ ನಗುತ್ತಾ ಉಪ್ಪಿಟ್ಟು ತಿಂದರು. ಸದ್ಯ ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಬೆಲ್ಟು ಕಿತ್ತುಹೋಯಿತು. ರಂಗಣ್ಣ ಇಂಜಿನ್ನು ನಿಲ್ಲಿಸಿದ.

ಆ ನಿಶ್ಶಬ್ದದಲ್ಲಿ ಒಂದು ದನಿ ಕೇಳಿತು. ಕೆಂಚಣ್ಣನದು. ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯಕ್ಕೆ ಅವತ್ತು ಬಾಯಿ ತೆರೆದಿದ್ದನೋ ಏನೋ, ಈಗ ನಿಲ್ಲಿಸಲು ಅವನಿಂದಾಗಲಿಲ್ಲ.

"ಕೂಸು ಜರದಾಗೆ ಬೇಯ್ತಾ ಐತೆ, ಓಯ್ತೀನಿ ಅಂದೆ. ಎಲ್ಡು ಗಾಡಿ ಬತ್ತ ಬಂದೈತೆ, ಇಳಿಸ್ಬುಟ್ಟು ಓಗಪ್ಪ ಅಂದ್ರಿ. ಇಳಿಸ್ದೆ ಗೌಡ್ರೇ. ನಾ ಓಗೋ ಒತ್ಗೆ ಅದು ಮಾತು ಬುಟ್ಟಿತ್ತು. ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತಿತ್ತಂತೆ."

ಅವನು ಏಕವಚನಕ್ಕೂ ಇಳಿಯಲಿಲ್ಲ. ಅಷ್ಟು ದಿನ ದೊಡ್ಡಪ್ಪ ಯಾವ ಮಾತಿಗಾಗಿ ಅವನೆದುರು ಕೂರುತ್ತಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ನನ್ನ ನಾಚಿಕೆಯೆಲ್ಲ ಎಷ್ಟು ಅಗ್ಗದ್ದು ಅನ್ನಿಸಿತು. ದೊಡ್ಡಪ್ಪ ತಮ್ಮ ಕಟ್ಟಳೆ ಮುರಿಯಲಿಲ್ಲ. ಗಾಡಿಯವರು ಅವಸರ ಮಾಡಿದರು, ಇಷ್ಟಾಗುತ್ತದೆ ಎಂದು ಗೊತ್ತಿರಲಿಲ್ಲ ಎಂದೇನೂ ಹೇಳಲಿಲ್ಲ. ಕೆಂಚಣ್ಣ ಹೇಳಿದ್ದನ್ನೇ ಹೇಳುತ್ತಾ ಕೊನೆಗೆ ಗೋಳೋ ಎಂದು ಅತ್ತ. ಅತ್ತು ಸುಸ್ತಾದ ಮೇಲೆ ಅದೂ ನಿಂತಿತು.

ಗಂಡಿನ ತಂದೆ ಎದ್ದು ಹೊರಟರು. ಸಂಬಂಧ ಮುರಿಯಿತು ಎಂದುಕೊಂಡೆವು. ಅವರು ಮೆಟ್ಟು ಮೆಟ್ಟಿಕೊಂಡು ಮಿಲ್ಲಿನ ಬಾಗಿಲವರೆಗೆ ಹೋಗಿ ಒಳಗೆ ಇಣುಕಿದರು. ಆಮೇಲೆ ಕಿರ್ರೆನ್ನುವ ಆ ಮೆಟ್ಟನ್ನು ಅಲ್ಲೇ ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ವಾಪಸು ಬಂದು ಕೂತರು. ಮಿಕ್ಕ ಮಾತು ಮೆಲ್ಲಗೆ ಆಡೋಣ ಎಂದರು. ನನ್ನ ಮದುವೆಯ ಮಾತುಕತೆಯೆಲ್ಲ ಪಿಸುಗುಟ್ಟಿಕೊಂಡೇ ಮುಗಿಯಿತು.

ಬೆಲ್ಟು ಸರಿಯಾದರೂ ಅವತ್ತು ಇಂಜಿನ್ನು ಶುರುವಾಗಲಿಲ್ಲ. ಗಾಡಿಯವರು ಬೀದಿಯಲ್ಲೇ ಎತ್ತುಗಳ ಕೊರಳ ಗಂಟೆ ಬಿಚ್ಚಿ ಕಾದರು. ದೊಡ್ಡಪ್ಪ ಊಟಕ್ಕೆ ಬರಲಿಲ್ಲ, ದೊಡ್ಡಮ್ಮ ನನ್ನನ್ನು ಕಳಿಸಿದರು. ಹೋಗಿ ನೋಡಿದರೆ, ಕೆಂಚಣ್ಣ ತೌಡಿನ ಚೀಲಗಳ ಮೇಲೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾ ಮಲಗಿದ್ದ. ದೊಡ್ಡಪ್ಪ ಅವನ ಕಾಲ ಹತ್ತಿರ ಕೂತು ಹೆಗಲ ಮೇಲಿನ ವಲ್ಲಿಯಿಂದ ನೊಣ ಓಡಿಸುತ್ತಿದ್ದರು. ನನ್ನತ್ತ ಮುಖ ಎತ್ತಲಿಲ್ಲ, ಕೈ ಮಾತ್ರ ಅಡ್ಡ ಹಿಡಿದರು.

"ಮೆಲ್ಲುಗೆ ಕಣವ್ವ," ಎಂದರು. "ಈಗ್ತಾನೆ ಕಣ್ಮುಚ್ಚವ್ನೆ."