ಗಾಡಿಗೆ ಕಣ್ಣು ಬಂದ ದಿನ

ಆ ಬೆಳಿಗ್ಗೆ ಹರುನಾ ಬೆಟ್ಟದ ಮೇಲಿಂದ ಒಣಗಾಳಿ ಇಳಿದಿತ್ತು. ಆಕಾಶದಲ್ಲಿ ಮೋಡದ ಒಂದು ಎಳೆಯೂ ಇಲ್ಲ. ಬಿಸಿಲಿದ್ದರೂ ಬೆರಳು ಮರಗಟ್ಟುವ ಚಳಿ. ಶಿಮೊಸಾವದ ಅಂಗಳಗಳಲ್ಲಿ ಕೋಲಿಗೆ ಸಿಕ್ಕಿಸಿ ಒಣಹಾಕಿದ್ದ ಕೆಂಪು ದರುಮ ಗೊಂಬೆಗಳು, ಕೈಯಿಲ್ಲದೆ ಕಾಲಿಲ್ಲದೆ ಧ್ಯಾನಕ್ಕೆ ಕೂತ ಗುರುಗಳು, ಗಾಳಿ ಬೀಸಿದತ್ತ ತಲೆದೂಗುತ್ತಿದ್ದವು. ಗೊಂಬೆ ಒಣಗಲೆಂದೇ ಬುದ್ಧ ಈ ಗಾಳಿಯನ್ನು ಕಳಿಸುತ್ತಾನೆಂದು ಊರಿನವರ ನಂಬಿಕೆ. ಇಸೊಬೆ ಕ್ಯೋಹೇಗೂ ಆ ನಂಬಿಕೆ ಇತ್ತು. ಆದರೆ ಆ ಹೊತ್ತಿನಲ್ಲಿ ಅವನು ಪಟ್ಟಣದ ವಾಹನ ಪರೀಕ್ಷೆಯ ಶೆಡ್ಡಿನಲ್ಲಿ, ತನ್ನ ಹದಿನಾರು ವರ್ಷದ ಬಿಳಿ ವ್ಯಾನಿನ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಬ್ರೇಕು ಚೆನ್ನಾಗಿದೆ ಇಸೊಬೆ-ಸಾನ್," ಎಂದ ಪರೀಕ್ಷಕ, ಬಹಳ ಮರ್ಯಾದೆಯಿಂದ. "ಹೊಗೆ ಚೆನ್ನಾಗಿದೆ. ಹಾರನ್ ಅಂತೂ ತುಂಬಾನೇ ಚೆನ್ನಾಗಿದೆ. ಮುಂದಿನ ದೀಪ ಮಾತ್ರ..."

"ಉರೀತಿದೆಯಲ್ಲ ಸ್ವಾಮಿ?"

"ಉರೀತಿದೆ. ಬೆಳಕು ಹೊರಗೆ ಬರ್ತಿಲ್ಲ."

ಕ್ಯೋಹೇ ಬಗ್ಗಿ ನೋಡಿದ. ಎರಡು ದೀಪಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳು ಹಳೆಯ ಅನ್ನದ ಗಂಜಿಯಂತೆ ಹಳದಿಗಟ್ಟಿ ಮಬ್ಬಾಗಿದ್ದವು. ದಿನವೂ ನೋಡುವ ಮುಖಕ್ಕೆ ವಯಸ್ಸಾದದ್ದು ಮನೆಯವರಿಗೆ ತಿಳಿಯುವುದಿಲ್ಲವಲ್ಲ, ಹಾಗೆ ಅವನಿಗೂ ಅದು ತಿಳಿದಿರಲಿಲ್ಲ.

"ನಿಮ್ಮ ಗಾಡಿ ಪರವಾನಗಿ ಗಡುವು ಇವತ್ತಿಗೇ ಮುಗಿಯುತ್ತೆ," ಎಂದ ಪರೀಕ್ಷಕ. "ನಾಲ್ಕು ಗಂಟೆ ಒಳಗೆ ಸರಿಮಾಡ್ಕೊಂಡು ಬನ್ನಿ. ದೀಪ ಒಂದನ್ನೇ ಮತ್ತೆ ನೋಡ್ತೀನಿ."

ನಾಳೆ ಗೊಂಬೆ ಸಂತೆ. ಬೆಳಗಿನ ಜಾವ ನಾಲ್ಕಕ್ಕೆ, ಕತ್ತಲಲ್ಲೇ, ಒಂಬತ್ತು ಮನೆಗಳ ಒಂದು ವರ್ಷದ ದುಡಿಮೆಯಾದ ನಾನೂರು ದರುಮಗಳನ್ನು ಸಾಗಿಸಬೇಕು. ಸಂತೆಯ ದಿನ ಬಾಡಿಗೆಗೆ ಒಂದು ಕೈಗಾಡಿಯೂ ಸಿಗುವುದಿಲ್ಲ. ಕ್ಯೋಹೇಯ ಅಪ್ಪನ ಕಾಲದಿಂದಲೂ ಈ ಊರಿನ ಗೊಂಬೆಗಳು ಹೋಗುತ್ತಿದ್ದದ್ದು ಇಸೊಬೆ ಮನೆಯ ಗಾಡಿಯಲ್ಲೇ. ಈ ಸಲ ತಪ್ಪಿದರೆ ಮುಂದಿನ ಸಲ ಯಾರೂ ಕರೆಯುವುದಿಲ್ಲ. ಕರೆಯದಿರುವುದಾದರೂ ಸಹಿಸಬಹುದು. ಆ ಒಂಬತ್ತು ಮನೆಗಳ ಮುಖ ನೋಡುವುದು ಹೇಗೆ?

ದಾರಿಯಲ್ಲಿ ಅಂಗಡಿಗೆ ಹೊಕ್ಕು ನೀರು ಹಾಕಿ ಉಜ್ಜುವ ಎಂಟುನೂರು ಮತ್ತು ಸಾವಿರದೈನೂರು ನಂಬರಿನ ಮರಳುಕಾಗದ, ಹೊಳಪಿನ ಮುಲಾಮು, ಅಂಟುಪಟ್ಟಿ ಕೊಂಡ. ಹತ್ತೂವರೆಗೆ ಮನೆಯ ಮುಂದೆ ಬಕೆಟ್ಟಿನಲ್ಲಿ ನೀರು ತುಂಬಿಸಿ ಕುಕ್ಕರಗಾಲಿನಲ್ಲಿ ಕೂತ.

ಅವನು ಕೂತು ಎರಡು ನಿಮಿಷವಾಗಿರಲಿಲ್ಲ, ಎದುರುಮನೆಯ ಮಿನೆಕೊ ಕೈಯಲ್ಲಿ ಸೊಳ್ಳೆ ಸ್ಪ್ರೇ ಹಿಡಿದು ಬಂದಳು. ಗೊಂಬೆಗಳ ಕಾಗದದ ಮೈ ಅಂಟಿಸುವುದು ಅವಳ ಕೆಲಸ. ಯಾರ ಮನೆಯ ವಿಷಯಕ್ಕಾದರೂ ಹಾಗೇ ಅಂಟಿಕೊಳ್ಳುವುದು ಅವಳ ಸ್ವಭಾವ.

"ಉಜ್ತಾ ಕೂತ್ಕೋತೀರಾ ಕ್ಯೋಹೇ-ಸಾನ್? ಸಂಜೆ ಆಗೋಗುತ್ತೆ. ಇದನ್ನ ಹೊಡೆದು ಒರೆಸಿ. ನಮ್ಮ ತಮ್ಮ ಹಾಗೇ ಮಾಡಿದ್ದು, ಫಳಫಳ ಅಂತು."

"ಸೊಳ್ಳೆ ಔಷಧಿನಾ?"

"ಸೊಳ್ಳೆಗೆ ಏನು ಗೊತ್ತಾಗುತ್ತೆ, ನೀವು ಹೊಡೀರಿ!"

ಬೇಡ ಎನ್ನುವ ಅಭ್ಯಾಸ ಕ್ಯೋಹೇಗೆ ಇರಲಿಲ್ಲ. ಬಲದೀಪಕ್ಕೆ ಹೊಡೆದು ಒರೆಸಿದ. ನಿಜಕ್ಕೂ ಅದು ಫಳ್ಳನೆ ಹೊಳೆಯಿತು. ಮಿನೆಕೊ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ನಿಲ್ಲುವ ಮೊದಲೇ ಒಣಗಾಳಿ ಬೀಸಿತು. ಔಷಧಿ ಆರಿ, ದೀಪ ಮೊದಲಿಗಿಂತ ಮಂಕಾಯಿತು. ಸೋರಿದ್ದ ಔಷಧಿ ಹರಿದ ಕಡೆಯೆಲ್ಲ ಬಂಪರಿನ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು.

"ನಮ್ಮ ತಮ್ಮಂದು ಬೇರೆ ಕಂಪೆನಿ ಗಾಡಿ," ಎಂದು ಮಿನೆಕೊ ಸ್ಪ್ರೇಯನ್ನು ಏಪ್ರನ್ನಿನ ಜೇಬಿಗೆ ಸೇರಿಸಿದಳು.

ಆಗ ಬಂದವರು ಒಗುರ-ಸಾನ್. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಬಿಟ್ಟರೂ ಜನರನ್ನು ದಾರಿಗೆ ತರುವ ಕೆಲಸ ಬಿಟ್ಟಿರಲಿಲ್ಲ.

"ಅಂಟುಪಟ್ಟಿ ಎಲ್ರೀ? ಸುತ್ತ ಬಣ್ಣಕ್ಕೆ ಪಟ್ಟಿ ಅಂಟಿಸದೆ ಯಾರಾದ್ರೂ ಉಜ್ತಾರಾ? ಹಾಂ, ಹಾಗೆ. ಈಗ ಎಂಟುನೂರು. ನೀರು, ನೀರು! ಒಣಗಿದ್ರೆ ಗೀರು ಬೀಳುತ್ತೆ. ಅಡ್ಡಡ್ಡ ಉಜ್ಜಿ, ಗುಂಡುಗುಂಡಗೆ ಅಲ್ಲ. ಇದೇನು ಅಕ್ಕಿ ತೊಳೆಯೋದಾ?"

ನೀರಿಗೂ ಗಾಳಿಗೂ ಪಂದ್ಯ ನಡೆಯಿತು. ಕ್ಯೋಹೇ ಒಂದು ಕೈಯಲ್ಲಿ ನೀರು ಸುರಿಯುತ್ತಾನೆ, ಇನ್ನೊಂದು ಕೈಯಲ್ಲಿ ಉಜ್ಜುತ್ತಾನೆ. ಕಾಗದ ನಾಲ್ಕು ಸಲ ಓಡುವಷ್ಟರಲ್ಲಿ ಗಾಳಿ ಬಂದು ನೀರು ಕುಡಿದು ಹೋಗುತ್ತದೆ. ಬೆರಳುಗಳು ಮೂಲಂಗಿಯಂತೆ ಬೆಳ್ಳಗಾದವು. ಹಳದಿ ನೀರು ಇಳಿಯಿತು, ಆಮೇಲೆ ಬಿಳಿ ನೀರು ಇಳಿಯಿತು. ಒಂದು ಗಂಟೆಯ ಹೊತ್ತಿಗೆ ಎರಡೂ ದೀಪ ಮುಗಿದವು. ಒರೆಸಿ ಹಿಂದೆ ಸರಿದು ನೋಡಿದರೆ, ಸ್ವಚ್ಛವಾಗುವುದಿರಲಿ, ಎರಡೂ ಮೊಸರು ಬಳಿದಂತೆ ಅಪ್ಪಟ ಬಿಳಿ! ಮೊದಲು ಮಬ್ಬಾಗಿಯಾದರೂ ಕಾಣುತ್ತಿದ್ದ ಬಲ್ಬು ಈಗ ಕಾಣಲೇ ಇಲ್ಲ.

"ಅಯ್ಯೋ! ನನ್ನ ಗೊಂಬೆಗಳ ಗತಿ?" ಎಂದಳು ಮಿನೆಕೊ.

ಕ್ಯೋಹೇ ಒಗುರರತ್ತ ತಿರುಗಿದ. "ಹಾಳು ಮಾಡಿಬಿಟ್ನಾ ಒಗುರ-ಸಾನ್?"

"ಹಾಳಾಗೋದು ಅಂದ್ರೆ ಏನು? ಇದು ಹೀಗೇ ಆಗ್ಬೇಕು. ಮೊದಲು ಪೂರ್ತಿ ಕೆಡ್ಬೇಕು, ಆಮೇಲೆ ನುಣ್ಣಗಿನ ಕಾಗದದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ತಿಳಿಯಾಗ್ಬೇಕು. ಎರಡು ಸಾವಿರದ ಕಾಗದ ಎಲ್ಲಿ?"

"ಸಾವಿರದೈನೂರರವರೆಗೆ ತಂದಿದೀನಿ."

"ನಡೀರಿ, ನಮ್ಮ ಕೊಟ್ಟಿಗೆಯಲ್ಲಿ ಇರ್ಬೇಕು. ಹುಡುಕೋಣ."

ಮನಸ್ಸಿನ ಕೊಳೆ ತೊಳೆಯಲು ಕೂತವನಿಗೂ ಮೊದಮೊದಲು ಹೀಗೇ ಆಗುತ್ತದೆಂದು ಗುಡಿಯ ಹಿರಿಯ ಗುರುಗಳು ಹೇಳುತ್ತಿದ್ದರು. ಆ ಮಾತು ನೆನೆದು ಕ್ಯೋಹೇ ಸ್ವಲ್ಪ ಸಮಾಧಾನ ಮಾಡಿಕೊಂಡ. ಮೂವರೂ ಕೊಟ್ಟಿಗೆ ಸೇರಿದರು. ಹಳೆಯ ಬಸ್ಸಿನ ಕನ್ನಡಿ, ಟಿಕೆಟ್ಟಿನ ಚೀಲ, ಒಡೆದ ಗಂಟೆ, ಎಲ್ಲವೂ ಸಿಕ್ಕವು. ಕಾಗದ ಸಿಕ್ಕಿದ್ದು ಇಪ್ಪತ್ತು ನಿಮಿಷದ ಮೇಲೆ.

ಹಿಂದಿರುಗಿ ಬಂದಾಗ ವ್ಯಾನಿನ ಮುಂದೆ ತೊಮೆ ಅಜ್ಜಿ ಕುಂಚ ಒರೆಸುತ್ತಾ ನಿಂತಿದ್ದಳು.

ತೊಮೆ ಅಜ್ಜಿಗೆ ಎಂಬತ್ತಾರು. ಊರಿನ ಗೊಂಬೆಗಳಿಗೆ ಹುಬ್ಬು ಮೀಸೆ ಬರೆಯುವವರಲ್ಲಿ ಎಲ್ಲರಿಗಿಂತ ಹಿರಿಯಳು. ಒಗುರ-ಸಾನ್ ಕೂಡ ಅವಳ ಮುಂದೆ ಟೋಪಿ ತೆಗೆಯುತ್ತಿದ್ದರು. ಅವಳ ಹಿಂದೆ, ಗಾಡಿಯ ಎಡದೀಪದ ನಡುವೆ, ಬಟ್ಟಲಗಲದ ಒಂದು ಕಪ್ಪು ಕಣ್ಣುಗುಡ್ಡೆ ಕ್ಯೋಹೇಯನ್ನೇ ದಿಟ್ಟಿಸಿ ನೋಡುತ್ತಿತ್ತು.

"ಅಜ್ಜೀ!"

"ಹೊಸ ಗೊಂಬೆ ಥರ ಎರಡೂ ಕಣ್ಣು ಬಿಳೀ ಖಾಲಿ ಇತ್ತಲ್ಲಪ್ಪ," ಎಂದಳು ಅಜ್ಜಿ ಶಾಂತವಾಗಿ. "ನಿನ್ನ ಕಷ್ಟ ಕೇಳಿದೆ. ಗಾಡಿ ಪಾಸಾಗ್ಲಿ ಅಂತ ಕೋರಿಕೊಂಡು ಎಡಗಣ್ಣು ಬರೆದೆ. ಕೋರಿಕೆಗೆ ಎಡಗಣ್ಣು. ಈಡೇರಿದ ದಿನ ಬಲಗಣ್ಣು. ಗೊಂಬೆಗಾದ್ರೂ ಅಷ್ಟೇ, ಗಾಡಿಗಾದ್ರೂ ಅಷ್ಟೇ."

ಬಯ್ಯುವುದು ಹೇಗೆ? ಹುಟ್ಟಿದಾಗ ಅವನ ತೊಟ್ಟಿಲಿನ ಪಕ್ಕ ಇಟ್ಟಿದ್ದ ದರುಮಕ್ಕೆ ಕಣ್ಣು ಬರೆದಿದ್ದ ಕೈ ಅದು. ಕ್ಯೋಹೇ ಸೊಂಟ ಬಗ್ಗಿಸಿ ವಂದಿಸಿದ. ಬಗ್ಗಿದವನು ಹಾಗೇ ಬೆರಳಿಂದ ಬಣ್ಣ ಮುಟ್ಟಿ ನೋಡಿದ. ಆಗಲೇ ಕಲ್ಲಾಗಿತ್ತು.

"ಅರಗು ಬೆರೆಸಿದ ಬಣ್ಣ," ಎಂದಳು ಅಜ್ಜಿ ಹೆಮ್ಮೆಯಿಂದ. "ಮಳೆಗೂ ಹೋಗಲ್ಲ."

"ಥಿನ್ನರ್ ಹಾಕಿದ್ರೆ?" ಎಂದು ಕ್ಯೋಹೇ ಒಗುರರ ಕಿವಿಯಲ್ಲಿ ಕೇಳಿದ.

"ದೀಪಾನೇ ಬಿರುಕು ಬಿಡುತ್ತೆ. ಉಜ್ಜೋದೊಂದೇ ದಾರಿ. ಮತ್ತೆ ಎಂಟುನೂರರಿಂದ."

ಮತ್ತೆ ಎಂಟುನೂರರಿಂದ. ಬಕೆಟ್ಟಿನಲ್ಲಿ ಕಪ್ಪು ನೀರು ತುಂಬಿತು. ಮಿನೆಕೊ ತಾನಾಗಿಯೇ ನೀರು ಹೊಯ್ದಳು, ಪ್ರಾಯಶ್ಚಿತ್ತಕ್ಕೆ ಕೂತವಳಂತೆ ಬಾಯಿಮುಚ್ಚಿಕೊಂಡು. ಒಗುರ-ಸಾನ್ ಬಲದೀಪಕ್ಕೆ ತಾವೇ ಕೂತರು. ತೊಮೆ ಅಜ್ಜಿ ಮಾತ್ರ ಅಂಗಳದ ಕಲ್ಲಿನ ಮೇಲೆ ಕೂತು, ತಾನು ಬರೆದ ಕಣ್ಣು ಚೂರುಚೂರಾಗಿ ಕರಗುವುದನ್ನು ನೋಡುತ್ತಿದ್ದಳು.

ಎರಡೂ ಮುಕ್ಕಾಲಿಗೆ ಎರಡು ಸಾವಿರದ ಕಾಗದ ಮುಗಿಯಿತು. ಮುಲಾಮು ಹಚ್ಚಿ ತಿಕ್ಕಿದಾಗ ಬಿಳಿ ಪರದೆ ಮೆಲ್ಲಗೆ ಸರಿಯಿತು. ಒಳಗಿನ ಬಲ್ಬು ಹೊಸದಾಗಿ ಹುಟ್ಟಿದಂತೆ ಮಿನುಗಿತು. ಹದಿನಾರು ವರ್ಷದ ಹಿಂದೆ ಗಾಡಿಯನ್ನು ಮನೆಗೆ ತಂದ ದಿನ ಅದು ಹೀಗೇ ನೋಡಿತ್ತು. ಕ್ಯೋಹೇಗೆ ಅಳು ಬಂದಂತಾಯಿತು. ಅಳಲು ಹೊತ್ತಿರಲಿಲ್ಲ. ಸಾಮಾನನ್ನೆಲ್ಲ ಅಲ್ಲೇ ಬಿಟ್ಟು, ಬಾಗಿಲು ತೆಗೆದು ಒಳಗೆ ಹಾರಿದರೆ ಪಕ್ಕದ ಸೀಟಿನಲ್ಲಿ ತೊಮೆ ಅಜ್ಜಿ ಆಗಲೇ ಬೆಲ್ಟು ಹಾಕಿಕೊಂಡು ಕೂತಿದ್ದಳು.

"ನನ್ನ ಗೊಂಬೆ ಹೋಗೋ ಗಾಡಿ. ನಾನೂ ಬರ್ತೀನಿ."

"ಅಜ್ಜಿ, ಬನ್ನಿ. ಆದ್ರೆ ಕೈಮುಗೀತೀನಿ, ದೀಪ ಮುಟ್ಬೇಡಿ."

"ಪರೀಕ್ಷೆ ಮುಗಿಯೋವರೆಗೆ ಮುಟ್ಟಲ್ಲಪ್ಪ. ಮಾತು ಕೊಟ್ಟೆ."

ಕೊಟ್ಟ ಮಾತನ್ನು ತೂಗಿ ನೋಡುವ ವ್ಯವಧಾನ ಅವನಿಗೆ ಎಲ್ಲಿತ್ತು? ಕೀಲಿ ತಿರುಗಿಸಿದ.

ಸಾಲಿನಲ್ಲಿ ಕೊನೆಯ ಗಾಡಿ ಅವನದು. ನಾಲ್ಕಕ್ಕೆ ಎಂಟು ನಿಮಿಷ ಇದ್ದಾಗ ಪರೀಕ್ಷಕ ಯಂತ್ರವನ್ನು ದೀಪದ ಮುಂದೆ ತಂದ. ಕ್ಯೋಹೇ ಸ್ಟೀರಿಂಗನ್ನು ಜಪಮಾಲೆಯಂತೆ ಹಿಡಿದು ಕಣ್ಣು ಮುಚ್ಚಿದ. ಎಡದೀಪ. ಬಲದೀಪ. ಯಂತ್ರ ಮತ್ತೆ ಎಡದೀಪಕ್ಕೆ ಉರುಳುವ ಸದ್ದು.

"ಇಸೊಬೆ-ಸಾನ್."

"ಹೇಳಿ."

"ದೀಪ ಬದಲಾಯಿಸಿದ್ರಾ?"

"ಇಲ್ಲ. ಉಜ್ಜಿದ್ದು."

"ಮನೆಯಲ್ಲೇ?" ಪರೀಕ್ಷಕ ಬಗ್ಗಿ ಮತ್ತೊಮ್ಮೆ ನೋಡಿದ. "ಹೊಸ ಗಾಡಿಯ ಹಾಗಿದೆ. ಪಾಸು. ಒಳಗೆ ಹೋಗಿ ಕಾಗದ ಇಸ್ಕೊಳ್ಳಿ."

ಕ್ಯೋಹೇ ಶೆಡ್ಡಿನ ಹೊರಗೆ ಅಂಗಳದ ಮೂಲೆಯಲ್ಲಿ ವ್ಯಾನು ನಿಲ್ಲಿಸಿದ. ಅಜ್ಜಿಯ ಎರಡೂ ಕೈ ಹಿಡಿದುಕೊಂಡ. "ಅಜ್ಜಿ, ಆಯ್ತು! ನಿಮ್ಮ ಕೋರಿಕೆ ಫಲಿಸಿತು ಅಜ್ಜಿ!" ಎಂದ. ಆ ಮಾತನ್ನು ಅವನು ಉಕ್ಕಿ ಬಂದ ಸಂತೋಷದಲ್ಲಿ ಆಡಿದ್ದು. ಅಜ್ಜಿ ತಲೆದೂಗಿದಳು.

ಕಚೇರಿಯ ಕಿಟಕಿಯ ಮುಂದೆ ಅವನಿಗಿಂತ ಮೊದಲು ಐದು ಜನರಿದ್ದರು. ಕ್ಯೋಹೇಗೆ ಬೇಸರವೇ ಆಗಲಿಲ್ಲ. ಮನೆಗೆ ಫೋನು ಮಾಡಿ ಹೆಂಡತಿಗೆ ಹೇಳಿದ. ಅವಳು ಬೀದಿಗೆಲ್ಲ ಕೂಗಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಹೊಸ ಕಾಗದ, ಗಾಜಿಗೆ ಅಂಟಿಸುವ ಹೊಸ ಚೀಟಿ ಕೈಗೆ ಬರುವಾಗ ನಾಲ್ಕೂವರೆ. ಹೊರಗೆ ಸೂರ್ಯ ಪಡುವಣ ಬೆಟ್ಟದ ಹಿಂದೆ ಮುಕ್ಕಾಲು ಇಳಿದಿದ್ದ. ಊರಿಗೆ ನಲವತ್ತು ನಿಮಿಷದ ದಾರಿ. ದೀಪ ಹಾಕಿಕೊಂಡೇ ಹೋಗಬೇಕು. ಹಾಕಿಕೊಂಡು ಹೋಗುವ ಆಸೆಯೂ ಅವನಿಗಿತ್ತು.

ಮೂಲೆ ತಿರುಗಿದವನು ನಿಂತ.

ವ್ಯಾನು ಬಲಗಣ್ಣು ತೆರೆದು ಅವನನ್ನು ನೋಡುತ್ತಿತ್ತು. ದುಂಡಗಿನ, ತುಂಬು ಕಪ್ಪಿನ, ಅಂಚಿಗೆ ನವಿರಾದ ನೆರಳಿನ ಗೆರೆ ಎಳೆದ ಕಣ್ಣು. ಎಪ್ಪತ್ತು ವರ್ಷದ ಕೈಚಳಕ ಅದರಲ್ಲಿತ್ತು. ತೊಮೆ ಅಜ್ಜಿ ಅದರ ಮುಂದೆ ಇರಲಿಲ್ಲ. ಅವಳು ಎಡದೀಪದ ಮುಂದೆ ಮಂಡಿಯೂರಿ, ಉಸಿರು ಬಿಗಿಹಿಡಿದು ಕುಂಚವನ್ನು ಆಗಷ್ಟೇ ಅದಕ್ಕೆ ತಾಗಿಸಿದ್ದಳು.

ಕೂಗಲು ಕ್ಯೋಹೇ ಬಾಯಿ ತೆರೆದ. ಕೂಗಲಾಗಲಿಲ್ಲ. ಕಣ್ಣು ಬರೆಯುವ ಕುಂಚ ಇಳಿದ ಮೇಲೆ ಶಿಮೊಸಾವದಲ್ಲಿ ಯಾರೂ ಮಾತಾಡುವುದಿಲ್ಲ. ತೊಟ್ಟಿಲ ಕೂಸನ್ನೂ ಹೊರಗೆ ಎತ್ತಿಕೊಂಡು ಹೋಗುತ್ತಾರೆ. ಐವತ್ತೊಂದು ವರ್ಷ ಆ ಮೌನದಲ್ಲಿ ಬೆಳೆದ ನಾಲಿಗೆ ಈಗ ಅವನ ಮಾತು ಕೇಳಲಿಲ್ಲ. ಕಾಗದಗಳನ್ನು ಎದೆಗೊತ್ತಿಕೊಂಡು ಅವನು ನಿಂತೇ ಇದ್ದ. ಉಜ್ಜುವ ಕಾಗದದ ಒಂದು ಚೂರೂ ಜೊತೆಗಿರಲಿಲ್ಲ; ಬಕೆಟ್ಟು, ಮುಲಾಮು ಎಲ್ಲ ಮನೆಯಂಗಳದಲ್ಲಿ. ಗಾಳಿ ಮಾತ್ರ ಬೀಸುತ್ತಿತ್ತು, ಬಣ್ಣ ಬೇಗ ಆರಲೆಂದು.

ಅಜ್ಜಿ ಕೊನೆಯ ಗೆರೆ ಎಳೆದು, ಕುಂಚ ಒರೆಸಿ, ಗಾಡಿಗೆ ಬಗ್ಗಿ ನಮಸ್ಕರಿಸಿದಳು. ಆಮೇಲೆ ಕ್ಯೋಹೇಯ ಕಡೆ ತಿರುಗಿ, ಬಹಳ ದಿನದ ಸಾಲ ತೀರಿಸಿದವರ ಹಗುರಾದ ದನಿಯಲ್ಲಿ ಹೇಳಿದಳು:

"ಬಲಗಣ್ಣು ನಾನು ಕೊಡಬೇಕಾಗಿತ್ತು, ಕೊಟ್ಟೆ. ಎಡದ್ದು ಗಡಿಬಿಡಿಯಲ್ಲಿ ನೀನು ಅಳಿಸಿಬಿಟ್ಟಿದ್ದೆ ಪಾಪ, ಅದನ್ನೂ ಕೊಟ್ಟಿದೀನಿ."