ಗುಂಡ್ಯಾನ ಜಲಬಾಧೆ

ಕೆಲವು ಮಾತುಗಳನ್ನು ಪಿಸುದನಿಯಲ್ಲಿ ಆಡುವುದಕ್ಕೂ ನನಗೆ ಸಂಕೋಚ. ಪುಣೆಯಲ್ಲಿ ಬಿ.ಎ. ಮುಗಿಸಿ ಬಂದರೂ ಈ ಸ್ವಭಾವ ಹೋಗಲಿಲ್ಲ. ಅಂಥವಳು ಈಗ ಬನಹಟ್ಟಿಯ ನೇಕಾರರ ಓಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೇನೆ. ಇಲ್ಲಿ ಹಗಲೆಲ್ಲ ಮಗ್ಗದ ಸದ್ದು. ಪಕ್ಕದ ಮನೆಯಿಂದ ಒಂದು ಹಿಡಿ ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕು. ನಾನು ಚೀಟಿ ಬರೆದು ಕೊಡುತ್ತೇನೆ. ಅತ್ತೆ ಇದನ್ನು ಊರ ತುಂಬ ಹೇಳಿ ನಗುತ್ತಾಳೆ.

ನಮ್ಮ ಗಂಡು ಬೆಕ್ಕು ಗುಂಡ್ಯಾ ಒಂದು ಬೆಳಿಗ್ಗೆ ಬೂದಿಗುಂಡಿಗೆ ಹೋಗಿ ಕೂತ, ಎದ್ದ, ಮತ್ತೆ ಕೂತು ಕೂಗಿದ. ಮಲ ಕಟ್ಟಿದೆಯೆಂದು ಅತ್ತೆ ತೀರ್ಪು ಕೊಟ್ಟಳು. ನಾನು ಎರಡು ಚಮಚ ಔಡಲೆಣ್ಣೆಯನ್ನು, ಒಂದು ಹನಿಯೂ ಹೆಚ್ಚು ಕಡಿಮೆಯಾಗದಂತೆ ಅಳೆದು ಕುಡಿಸಿದೆ. ಮಧ್ಯಾಹ್ನಕ್ಕೆ ಅವನು ಕೂಗುವುದನ್ನೂ ಬಿಟ್ಟು ಮಲಗಿಬಿಟ್ಟ. ಬೂದಿ ಕೆದಕಿ ನೋಡಿದೆ, ಎಲ್ಲೂ ಒದ್ದೆಯಿರಲಿಲ್ಲ. ಅವನ ಕೆಳಹೊಟ್ಟೆ ನಿಂಬೆಹಣ್ಣಿನಂತೆ ಗಟ್ಟಿಯಾಗಿತ್ತು. ಕಟ್ಟಿದ್ದು ಬೇರೆಯೇ ಎಂದು ಆಗ ತಿಳಿಯಿತು.

ಸಂಸ್ಥಾನದ ಕುದುರೆ ಲಾಯದಲ್ಲಿ ಕೆಲಸ ಮಾಡಿ ನಿವೃತ್ತರಾದ ದನದ ಡಾಕ್ಟರರು ಹಿಂದಿನ ಓಣಿಯಲ್ಲಿದ್ದರು. ಗುಂಡ್ಯಾನನ್ನು ಬುಟ್ಟಿಯಲ್ಲಿಟ್ಟು ಹೊತ್ತು ಓಡಿದೆ. ಅವರ ಕಟ್ಟೆಯ ಎರಡೂ ಕಡೆ ಮಗ್ಗಗಳು. ಏನಾಗಿದೆ ಎಂದು ಕೇಳಿದರು. ಜಲಬಾಧೆ ಆಗುತ್ತಿಲ್ಲ ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಎಂದೆ. ಕಿವಿಗೆ ಕೈ ಹಚ್ಚಿದರು. ಚೀಟಿ ಬರೆದು ಕೊಟ್ಟರೆ, ಕನ್ನಡಕ ಎಲ್ಲಿಟ್ಟೆನೆಂದು ಹುಡುಕತೊಡಗಿದರು. ಗುಂಡ್ಯಾನ ಕಣ್ಣು ಮುಚ್ಚುತ್ತ ಬಂದಿತ್ತು.

“ಉಚ್ಚಿ ಕಟ್ಟೇತ್ರೀ,” ಎಂದು ಕೂಗಿದೆ.

ಮಗ್ಗಗಳು ಒಂದೊಂದಾಗಿ ನಿಂತವು. ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತ ನಿಂತೆ. ಆದರೆ ಯಾರೂ ನಗಲಿಲ್ಲ. ನೇಕಾರನೊಬ್ಬ ಹಳೆಯ ದೋತರ ತಂದು ಬೆಕ್ಕನ್ನು ಸುತ್ತಿ ಹಿಡಿದ. ಒಬ್ಬಾಕೆ ಬಿಸಿನೀರು ತಂದಳು. ಔಡಲೆಣ್ಣೆಯ ಸಂಗತಿ ಕೇಳಿ ಡಾಕ್ಟರರು ಮಾತ್ರ ನನ್ನತ್ತ ತಿರುಗಿದರು.

“ಹಿತ್ತಲ ಬಾಗಿಲಕ್ಕ ಎಣ್ಣಿ ಬಿಟ್ಟು ತಲಬಾಗಿಲಾ ತಗೀ ಅಂದ್ರ ಹೆಂಗ ತಗದೀತವಾ?”

ತೆಳ್ಳನೆಯ ನಳಿಗೆ ಹಾಕಿ ಕೆಳಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಮೊದಲು ಉಸುಕಿನಂಥ ಹರಳು, ಆಮೇಲೆ ಧಾರೆ. ಇಡೀ ಓಣಿ ಕಾಲುವೆಗೆ ನೀರು ಬಂದಂತೆ ಹಿಗ್ಗಿತು. ನನ್ನ ಸೀರೆ ತೊಯ್ದದ್ದು ನನಗೆ ಗೊತ್ತೇ ಆಗಲಿಲ್ಲ. ಮರಳುವ ದಾರಿಯಲ್ಲಿ ಔಡಲೆಣ್ಣೆಯೂ ತನ್ನ ಕೆಲಸವನ್ನು ಬುಟ್ಟಿಯಲ್ಲಿ ಪ್ರಾಮಾಣಿಕವಾಗಿ ಮುಗಿಸಿತು.

ಈಗ ದಿನಾ ಬೆಳಿಗ್ಗೆ ನೇಕಾರರು ಮಗ್ಗದಿಂದಲೇ ಕೇಳುತ್ತಾರೆ: “ಅಕ್ಕಾರ, ಗುಂಡ್ಯಾಂದು ಆತೇನ್ರೀ?” ನಾನು ಬೂದಿಗುಂಡಿ ನೋಡಿ ಬಂದು, ಎಲ್ಲ ಮಗ್ಗಗಳನ್ನೂ ಮೀರಿಸುವ ದನಿಯಲ್ಲಿ, “ಆತ್ರೀ, ಎರಡ ಸಲ,” ಎಂದು ಕೂಗುತ್ತೇನೆ.

ಉಪ್ಪು ಬೇಕಾದರೆ ಮಾತ್ರ ಈಗಲೂ ಚೀಟಿಯೇ.